ಕಣ್ಣಳತೆಯ ಸುಮಾಕ್

ಆ ಟೊಂಗೆಗಳ ಮೈ ನುಣ್ಣಗಿತ್ತೋ, ರೋಮವಿತ್ತೋ? ಪುಟ್ಟ ಮಗಳನ್ನು ಆ ಟೊಂಗೆಗಳ ಜೊತೆ ಕಳಿಸಿದಾಗಿನಿಂದ ಇದೊಂದೇ ನನ್ನ ತಲೆ ಕೊರೆಯುತ್ತಿತ್ತು.

ಟೊಂಗೆ ಕಡಿದವರು ಗಂಡನ ಸೋದರಮಾವ. ಆಯುಷ್ಯವಿಡೀ ಚಪ್ಪಲಿ ಅಂಗಡಿಯಲ್ಲಿ ಪಾದ ನೋಡಿಯೇ ಅಳತೆ ಹೇಳಿದವರು. ಅಳತೆಪಟ್ಟಿ ಮುಟ್ಟುವುದೆಂದರೆ ಅವರಿಗೆ ಅವಮಾನ. ಶೂ ಕಚ್ಚಿತೆಂದು ಕುಂಟುತ್ತ ಬಂದವರಿಗೆ, "ನಿಮ್ಮ ಕಾಲೇ ಸರಿಯಿಲ್ಲ" ಎನ್ನುತ್ತಿದ್ದರಂತೆ. ನಿವೃತ್ತರಾದ ಮೇಲೆ ಆ ದಿವ್ಯದೃಷ್ಟಿ ಮರಗಳ ಮೇಲೆ ಬಿದ್ದಿದೆ.

ನಮ್ಮ ಬೀದಿಯ ಕೊನೆಯ ದಿಬ್ಬದಲ್ಲಿ ಸುಮಾಕ್ ಎಂಬ ಹುಳಿಹಣ್ಣಿನ ಕಾಡುಮರಗಳಿವೆ. ಚೆಂದದವೇ, ಸುಳ್ಳೇಕೆ: ಜಿಂಕೆಯ ಎಳೆಗೊಂಬಿನಂತೆ ರೋಮ ಹೊದ್ದ ಟೊಂಗೆ, ತುದಿಯಲ್ಲಿ ಸೆಟೆದು ನಿಂತ ಕೆಂಪು ಗೊಂಚಲು. ಮಾವ ಒಮ್ಮೆ ಅದನ್ನು ನೆನೆಸಿ ಹುಳಿ ಷರಬತ್ತು ಮಾಡಿ ಸೈ ಅನ್ನಿಸಿಕೊಂಡರು. ಅಂದಿನಿಂದ ಕಂಡಕಂಡದ್ದೆಲ್ಲ ಸುಮಾಕ್.

ಈ ಸಲ ಎಲೆ ಉದುರಿದ ಟೊಂಗೆಗಳ ಕಟ್ಟು ಹೊತ್ತು, ಮಗಳನ್ನು ತಮ್ಮ ಮನೆಗೆ ಕರೆದೊಯ್ಯಲು ಬಂದರು.

"ದಿಬ್ಬದಿಂದ ತಂದ್ರಾ ಮಾವ?"

"ಅಷ್ಟೆತ್ತರ ಯಾರಮ್ಮ ಹತ್ತೋದು? ಕೆಳಗಡೆ ಜೌಗಿಂದ."

"ಜೌಗಲ್ಲಿ ಬೆಳೆಯೋದು ವಿಷದ ಜಾತಿಯಂತೆ. ಬಿಳಿ ಹಣ್ಣು ಜೋತುಬೀಳುತ್ತಂತೆ..."

"ಇದರಲ್ಲಿ ಹಣ್ಣೆಲ್ಲಿದೆ, ತೋರಿಸು! ನಿನ್ನ ಫೋನು ಹುಟ್ಟೋಕ್ ಮುಂಚಿನ ಕಣ್ಣಮ್ಮ ಇದು. ಒಲೆಗೆ ಹಾಕಿ ಪುಟ್ಟೀನ ಬೆಚ್ಚಗೆ ಕೂರಿಸ್ತೀನಿ, ನೋಡ್ತಿರು." ಹೇಳುತ್ತಲೇ ಮಣಿಕಟ್ಟು ಪರಪರ ಕೆರೆದುಕೊಂಡರು. ಅದು ಗಡಿಯಾರದ ಬೆಲ್ಟಿನ ತಪ್ಪಂತೆ.

"ಬಿಡೇ, ನಿಂಗೆ ನಿನ್ನ ನೆರಳು ಕಂಡ್ರೂ ದಿಗಿಲು," ಎಂದು ಗಂಡ ನಕ್ಕ. ಮಾವನೆದುರು ಆತನ ಬೆನ್ನುಮೂಳೆ ರಜೆ ಹಾಕುತ್ತದೆ. ಮಗಳನ್ನೆತ್ತಿಕೊಂಡು ಹಿಂದೆಯೇ ಹೊರಟ.

ವಿಷದ ಜಾತಿಯ ಟೊಂಗೆ ನುಣ್ಣಗಿರುತ್ತದೆಂದು ಆಮೇಲೆ ಫೋನಿನಲ್ಲಿ ಓದಿ, ಮನಸ್ಸು ತಡೆಯದೆ ಜೌಗಿಗೆ ಹೋದೆ. ಕಡಿದ ಜಾಗದಲ್ಲಿ ರಸ ಒಸರಿ ಕಪ್ಪಾಗಿತ್ತು. ಉಳಿದ ರೆಂಬೆಗಳಲ್ಲಿ ಒಂದು ರೋಮವೂ ಇಲ್ಲ, ಬೊಕ್ಕತಲೆಯಷ್ಟು ನುಣುಪು. ಅವುಗಳ ನಡುವೆ ಮಾಸಿದ ಬಿಳಿ ಕಾಯಿಗಳ ಗೊಂಚಲು, ತಲೆ ಕೆಳಗಾಗಿ ಜೋತು. ಕತ್ತೆತ್ತಿದ್ದರೆ ಕಾಣುತ್ತಿತ್ತು! ಆ ಮಹಾನುಭಾವರು ಎತ್ತಲಿಲ್ಲ. ಇದನ್ನು ಸುಟ್ಟ ಹೊಗೆ ಮುಟ್ಟಿದ್ದಕ್ಕಿಂತ ಕೆಟ್ಟದು, ಶ್ವಾಸಕೋಶವನ್ನೇ ಸುಡುತ್ತದೆ.

ಮಾವ ಮುನಿದರೆ ಇಡೀ ಬಳಗ ನನ್ನನ್ನು ಹುರಿದು ಮುಕ್ಕುತ್ತದೆ. ಮುಕ್ಕಲಿ. ಅಲ್ಲೇ ನಿಂತು ಮಾವನಿಗೇ ಫೋನು ಮಾಡಿದೆ.

"ಏನಮ್ಮ, ಇನ್ನೂ ಹೆದರಿಕೇನಾ?"

"ಒಲೆ ಹಚ್ಚಿದ್ರಾ?"

"ಕಟ್ಟು ಬಿಚ್ತಾ ಇದೀನಿ."

"ಬಿಚ್ಬೇಡಿ. ಅದು ವಿಷದ್ದೇ, ನೋಡ್ಕೊಂಡು ನಿಂತಿದೀನಿ. ಹೊರಗೆ ಎಸೆದು ಕೈ ತೊಳ್ಕೊಳ್ಳಿ. ಅಲ್ಲೀವರೆಗೆ ಮಗೂನ ಮುಟ್ಬೇಡಿ."

"ನಂಗೇ ಹೇಳ್ಕೊಡ್ತೀಯಾ?"

"ಹೌದು ಮಾವ, ನಿಮಗೇ."