ಬಟ್ಟೆಯ ಮೇಲೆ ಉಳಿದ ಒಂದು ಸ್ಕ್ರೂ

ಪೊಟ್ಟಣ ಕಟ್ಟುವ ಯಂತ್ರಗಳ ಜೋಡಣೆಯಲ್ಲಿ, ಅದರಲ್ಲೂ ತಲೆಯ ಆರು ಮೂಲೆಯ ಕುಳಿಗೆ ಅಲೆನ್ ಕೀ ಹಾಕಿ ಬಿಗಿಯುವ ಬೋಲ್ಟುಗಳ ವಿಷಯದಲ್ಲಿ, ನಮ್ಮ ಕಾರ್ಖಾನೆಯ ಕೊನೆಯ ಮಾತು ಯಾರದೆಂದು ಕೇಳಿದರೆ ಕಾವಲುಗಾರರಿಂದ ಯಜಮಾನರವರೆಗೆ ಎಲ್ಲರೂ ಬೆರಳು ತೋರಿಸುವುದು ಜೋಡಣಾ ವಿಭಾಗದ ಮುಖ್ಯಸ್ಥೆಯಾದ, ನಾವೆಲ್ಲ ಅಕ್ಕನೆಂದೇ ಕರೆಯುವ ಅಕ್ಕನವರ ಕಡೆಗೇ. ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯುವ ಭಾಗ್ಯ, ಮಾರಾಟ ವಿಭಾಗದಲ್ಲಿ ಬಾಯಿಬಡುಕನೆಂದೇ ಹೆಸರಾದ ನನಗೆ ದೊರೆತಿದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೋಲ್ಟುಗಳ ಗಂಧಗಾಳಿಯೂ ನನಗಿರಲಿಲ್ಲ. ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಕಲಿಸಿದವರು ಅಕ್ಕನವರು. ಭಾರ ಹೊರುವಲ್ಲಿ ಎತ್ತರದ ದುಂಡು ತಲೆಯ ಅಲೆನ್ ಬೋಲ್ಟು. ಮೇಲ್ಮೈ ಸಪಾಟಾಗಿರಬೇಕಾದಲ್ಲಿ ತಲೆ ಒಳಗೇ ಕೂರುವಂಥದ್ದು. ಕೈ ತಾಗುವ ಮುಚ್ಚಳಕ್ಕೆ ಅಂಗಿಗುಂಡಿಯಂತೆ ನುಣುಪು ತಲೆಯದು. ರಾಟೆಯನ್ನು ಶಾಫ್ಟಿಗೆ ಕಚ್ಚಿ ಹಿಡಿಯಲು ತಲೆಯೇ ಇಲ್ಲದ ಗ್ರಬ್ ಸ್ಕ್ರೂ. “ತಲೆ ಇಲ್ದಿದ್ರೂ ಒಳ್ಳೆ ಕೆಲ್ಸ ಮಾಡುತ್ತೆ. ನೀನೂ ಧೈರ್ಯವಾಗಿರಪ್ಪಾ,” ಎಂದು ನನ್ನ ಕಾಲೆಳೆದದ್ದೂ ಆಗಲೇ.

ಜೋಡಣೆಗೆ ಮೊದಲು ಯಂತ್ರದ ಕೆಳಗೆ ಬಿಳಿ ಬಟ್ಟೆ ಹಾಸುವುದು ಅವರ ಕ್ರಮ. ಕೆಲಸ ಮುಗಿದ ಮೇಲೆ ಬಟ್ಟೆಯಲ್ಲಿ ಏನಾದರೂ ಉಳಿದರೆ, ಅದು ಎಲ್ಲಿಯದೆಂದು ತಿಳಿಯುವವರೆಗೆ ಯಂತ್ರ ಹೊರಡುವಂತಿಲ್ಲ. ನಾನು ಹಿಡಿದು ತಂದ ಮೊದಲ ಗಿರಾಕಿಯ ಯಂತ್ರ ಸಿದ್ಧವಾದ ದಿನವೇ ಬಟ್ಟೆಯಲ್ಲೊಂದು ಗ್ರಬ್ ಸ್ಕ್ರೂ ಉಳಿಯಬೇಕೇ! ಲಾರಿ ಬಂದು ನಿಂತಿತ್ತು. ಸಂಜೆಯೊಳಗೆ ಯಂತ್ರ ತಲುಪದಿದ್ದರೆ ಗಿರಾಕಿ ಕೈಬಿಟ್ಟಂತೆ, ಹಿಂದೆಯೇ ನನ್ನ ನೌಕರಿಯೂ. ಯಜಮಾನರು ಬೆಳಗಿನಿಂದ ತಮ್ಮ ಕೋಣೆಯ ಬಾಗಿಲನ್ನು ದಡಾರನೆ ಬಡಿಯುತ್ತ ಒಳಗೂ ಹೊರಗೂ ಓಡಾಡುತ್ತಿದ್ದರು. ಆ ಬಾಗಿಲು ಇದ್ದುದು ಬಟ್ಟೆಯ ಅಂಚಿನಲ್ಲೇ.

“ಒಂದು ಪುಟಾಣಿ ಸ್ಕ್ರೂಗೆ ಇಷ್ಟು ರಾದ್ಧಾಂತನಾ?” ಎಂದರು ಯಜಮಾನರು.

“ಸ್ಕ್ರೂ ಪುಟಾಣಿನೇ, ಯಜಮಾನ್ರೇ. ರಾಟೆ ಕಳಚಿದ್ರೆ ಯಾರ್ ಕೈ ಮೇಲೆ ಬೀಳುತ್ತೋ. ಬಿಚ್ಚಿ ನೋಡ್ತೀನಿ,” ಎಂದರು ಅಕ್ಕನವರು.

ಬಿಚ್ಚಿದರು, ಪ್ರತಿಯೊಂದೂ ತನ್ನ ಜಾಗದಲ್ಲಿ ಭದ್ರವಾಗಿತ್ತು. ಯಜಮಾನರು ಸಿಡಿಮಿಡಿಗುಟ್ಟುತ್ತ ಕೋಣೆಯ ಬಾಗಿಲು ಎಳೆದರು. ಹಿಡಿಕೆ ಕೈಗೇ ಬಂತು! ಅದನ್ನು ಹಿಡಿದಿಡಬೇಕಾದ ಸ್ಕ್ರೂ ಅಕ್ಕನವರ ಅಂಗೈಯಲ್ಲಿತ್ತು. ಮೊದಲು ನಕ್ಕವರು ಯಜಮಾನರೇ.

ಅಷ್ಟರಲ್ಲಿ ಹೊತ್ತು ಮೀರಿತ್ತು. ಗಿರಾಕಿಯೊಡನೆ ಫೋನಿನಲ್ಲಿ ತಡವರಿಸುತ್ತಿದ್ದ ನನ್ನ ಕೈಯಿಂದ ಅಕ್ಕನವರು ಫೋನು ಕಸಿದುಕೊಂಡು, “ಈ ಹುಡುಗಂದೇನೂ ತಪ್ಪಿಲ್ಲ. ಅನುಮಾನ ಇಟ್ಕೊಂಡು ಕಳ್ಸೋಕೆ ನಂಗೇ ಮನಸ್ಸು ಬರ್ಲಿಲ್ಲ,” ಎಂದು ನಡೆದದ್ದನ್ನೆಲ್ಲ ಹೇಳಿದರು. ಆ ಕಡೆಯಿಂದ ನಗು ಕೇಳಿಸಿತು. ಯಂತ್ರ ಮರುದಿನ ಹೋಯಿತು, ನೌಕರಿ ಉಳಿಯಿತು. ಆ ಉಪಕಾರವನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಇಂದು ಯಜಮಾನರ ಪರವಾಗಿ ಕಾರ್ಖಾನೆ ನೋಡಿಕೊಳ್ಳುತ್ತ ಆ ಕೋಣೆಯಲ್ಲಿ ಕೂರುವವನು ನಾನು. ಮೊನ್ನೆ ಅಕ್ಕನವರು ಬಂದು ಹಿಡಿಕೆಯನ್ನು ಮತ್ತೊಮ್ಮೆ ಬಿಗಿದು, ತಮ್ಮ ಅಲೆನ್ ಕೀಯನ್ನು ನನ್ನ ಮೇಜಿನ ಮೇಲಿಟ್ಟರು. “ಬಟ್ಟೆ ಮೇಲೆ ಏನಾದ್ರೂ ಉಳಿದ್ರೆ ಮೊದ್ಲು ಈ ಬಾಗ್ಲು ನೋಡು. ಇದು ಸರಿ ಇದ್ರೆ, ಲಾರಿ ಎಷ್ಟೇ ಹಾರ್ನ್ ಹೊಡೀಲಿ, ಯಂತ್ರ ಬಿಚ್ಚಪ್ಪಾ,” ಎಂದರು.

ಅಕ್ಕನವರ ಕೈಕಣ್ಣು ಹೀಗೇ ಚುರುಕಾಗಿರಲಿ, ಆಯಸ್ಸು ಬೆಳೆಯಲಿ. ಬಿಚ್ಚಿ ಜೋಡಿಸಲು ಮನೆಯಲ್ಲೂ ಏನಾದರೊಂದು ಸಿಗುತ್ತಲೇ ಇರಲಿ. ಬಾಗಿಲನ್ನು ನಾನು ಮೆಲ್ಲಗೇ ಹಾಕುತ್ತೇನೆ.