ಕೊನೆಯ ಚೂರು ಬೆಳ್ಳಿ

ಕೊಪ್ಪದಲ್ಲಿ ಬಾಡಿಗೆಗೆ ಹಿಡಿದ ಒಂದು ಶೆಡ್ಡಿನಲ್ಲಿ ನಾನು ಬೆಳ್ಳಿ ತೆಗೆಯುತ್ತೇನೆ. ಶೃಂಗೇರಿಯ ಅಕ್ಕಸಾಲಿಯೊಬ್ಬರು ಮುರುಕು ಬೆಳ್ಳಿ ಕೊಡುತ್ತಾರೆ. ಯಾರ್ಯಾರದ್ದೋ ಎಲ್ಲವನ್ನೂ ಒಟ್ಟಿಗೆ ಆಸಿಡ್‌ನಲ್ಲಿ ಕರಗಿಸಿ ಕರೆಂಟು ಹರಿಸಿದರೆ ಬೆಳ್ಳಿ ಉಕ್ಕಿನ ತಗಡಿಗೆ ಬಂದು ಕೂರುತ್ತದೆ, ತಾಮ್ರ ನೀರಿನಲ್ಲೇ ಉಳಿಯುತ್ತದೆ. ರಸಾಯನಶಾಸ್ತ್ರ ಓದಿ, ಎಲ್ಲೂ ನಿಲ್ಲಲಾರದೆ ಕೆಲಸಗಳನ್ನು ಬಿಟ್ಟು ಬಂದವನಿಗೆ ಒಗ್ಗಿದ್ದು ಇದು. ಆಸಿಡ್ ವಾಸನೆಗೆ ಹೆದರಿ ಯಾರೂ ಹರಟೆಗೆ ಬರುವುದಿಲ್ಲ.

ಕಳೆದ ವರ್ಷವೋ ಅದರ ಹಿಂದಿನ ವರ್ಷವೋ, ಕಡಹಿನಬೈಲಿನಿಂದ ಒಬ್ಬರು ಹೆಂಗಸು ಬಂದರು. ತೋಟದ ಕೆಲಸದವರು, ನನಗಿಂತ ಹಿರಿಯರು. ತಾಯಿಯ ಕಾಲ್ಗಡಗ ಕರಗಿಸಿ ಮೊಮ್ಮಗನಿಗೆ ಉಡಿದಾರ ಮಾಡಿಸಬೇಕಿತ್ತು. ಇದರಲ್ಲಿ ತಾಮ್ರ ಜಾಸ್ತಿ, ಬದಲಿಗೆ ಬೇರೆ ಬೆಳ್ಳಿ ಕೊಡುತ್ತೇನೆ ಎಂದ ಅಕ್ಕಸಾಲಿಯ ಮಾತಿಗೆ ಅವರು ಒಪ್ಪಿರಲಿಲ್ಲ; ಅದಕ್ಕೇ ಅಕ್ಕಸಾಲಿ ನನ್ನಲ್ಲಿಗೆ ಕಳಿಸಿದ್ದರು.

“ಅಮ್ಮಂದೇ ಬೇಕು. ಬೇರೆಯವ್ರದ್ದು ಸೇರ್ಬಾರ್ದು.”

“ಬೆಳ್ಳಿ ಎಲ್ಲ ಒಂದೇ ಅಮ್ಮಾ.”

“ಅಕ್ಕಿ ಎಲ್ಲ ಒಂದೇ ಅಂತ ಪಕ್ಕದ್ಮನೇಲಿ ಹೋಗಿ ಉಣ್ತೀರಾ?”

ಕರೆದಿದ್ದರೆ ಉಣ್ಣುತ್ತಿದ್ದೆ. ಅದನ್ನು ಹೇಳದೆ, ಬೇರೆಯೇ ಒಂದು ಗಾಜಿನ ಜಾಡಿ ತೊಳೆದೆ.

ಮಧ್ಯಾಹ್ನದ ಹೊತ್ತಿಗೆ ಹೆಚ್ಚಿನ ಬೆಳ್ಳಿ ತಗಡಿಗೆ ಬಂದಿತ್ತು. ಕಷ್ಟ ಇರುವುದು ಕೊನೆಯ ಚೂರಿನಲ್ಲಿ. ಅವಸರ ಮಾಡಿ ಕರೆಂಟು ಏರಿಸಿದರೆ ತಾಮ್ರವೂ ಜೊತೆಗೆ ಬಂದು ಕೂರುತ್ತದೆ. ಇಳಿಸಿದರೆ ಬೆಳ್ಳಿ ಶುದ್ಧ, ಆದರೆ ಬರುವ ಬೆಳ್ಳಿಗಿಂತ ಉರಿಯುವ ಕರೆಂಟಿನ ಬೆಲೆಯೇ ಹೆಚ್ಚು. ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಾರೆ. ನಾನು ಕರೆಂಟು ಇಳಿಸಿ ಮುಂದುವರಿಸಿದೆ.

ಅವರು ಹೊಸಿಲಿನ ಮೇಲೆ ಕೂತು ಎಲೆಯಡಿಕೆ ಹಾಕಿದರು, ಮಗಳ ಬಾಣಂತನದ ಸುದ್ದಿ ಹೇಳಿದರು, ನನ್ನ ಟೀಗೆ ಸಕ್ಕರೆ ಸಾಲದು ಎಂದರು. ಎನ್.ಆರ್. ಪುರದ ಕೊನೆಯ ಬಸ್ಸಿಗೆ ಓಡುತ್ತಾ ಹೋದರು, ಬೆಳ್ಳಿಯನ್ನು ಸೆರಗಿಗೆ ಕಟ್ಟಿಕೊಂಡು.

ಒಂದು ಚೂರೂ ಬಿಡಬೇಡಿ ಎಂದು ಅವರು ಹಟ ಹಿಡಿದಿದ್ದರು. ನನ್ನ ನೆನಪು ಹಾಗಿತ್ತು. ಮೊನ್ನೆ ಶೃಂಗೇರಿಯಲ್ಲಿ ಅಕ್ಕಸಾಲಿಯ ಹತ್ತಿರ ಹಾಗೆಯೇ ಹೇಳಿದೆ. ಅವರು ನಕ್ಕರು.

“ಅವ್ರು ನಂಗೆ ಹೇಳಿದ್ದೇ ಬೇರೆ ಮಾರಾಯ್ರೆ. ಸಾಕು ಬಿಡಿ, ಬಸ್ ತಪ್ತದೆ ಅಂದ್ರೂ ನೀವು ಇನ್ನೂ ಸ್ವಲ್ಪ ಉಂಟು, ಕೂತ್ಕೊಳ್ಳಿ ಅಂತ ಬಿಡ್ಲೇ ಇಲ್ವಂತೆ.”

“ಇಲ್ಲ, ಅವರೇ ಕೇಳಿದ್ದು.”

“ಆಯ್ತಪ್ಪ, ಇರ್ಬಹುದು.”

ಮನಸ್ಸಿನಲ್ಲೇ ಆ ದಿನವನ್ನು ಮತ್ತೆ ನೋಡಿದೆ. ಎಲೆಗೆ ಸುಣ್ಣ ಹಚ್ಚುವ ಅವರ ಬೆರಳು ಕಂಡಿತು. ಒಂದು ಚೂರೂ ಬಿಡಬಾರದು ಎಂಬ ಮಾತೂ ಕೇಳಿತು, ಆದರೆ ಆ ಧ್ವನಿ ಹೆಂಗಸಿನದಾಗಿರಲಿಲ್ಲ. ಈಗ ಅಕ್ಕಸಾಲಿ ಹೇಳಿದ್ದಕ್ಕೆ ಹಾಗೆ ಕೇಳಿತೋ, ಮೊದಲಿನಿಂದಲೂ ಹಾಗೇ ಇತ್ತೋ, ತಿಳಿಯಲಿಲ್ಲ.

“ಉಡಿದಾರ ಆಯ್ತಾ?”

“ಆವಾಗ್ಲೇ ಆಯ್ತಲ್ಲ. ಮಾಣಿ ಸೊಂಟಕ್ಕೆ ಲಾಯ್ಕಾಗಿ ಕೂತಿತ್ತು.”

“ಅವರು ಮತ್ತೆ ಯಾವಾಗ ಬರ್ತಾರಂತೆ?”

“ಎಂತಕ್ಕೆ ಬರ್ತಾರೆ ಮಾರಾಯ್ರೆ? ಅವ್ರ ಹತ್ರ ಇದ್ದದ್ದು ಅದೊಂದೇ ಜೊತೆ ಕಡಗ.”