ವಸ್ತಾದನ ಮೊದಲ ಕೊಡ

ತಣ್ಣೀರು ಸ್ನಾನದ ಪರವಾಗಿ ನನ್ನ ಅಣ್ಣನಷ್ಟು ಗಟ್ಟಿಯಾಗಿ ವಾದಿಸುವವರನ್ನು ನಾನು ಕಂಡಿಲ್ಲ. ವಾದಿಸುವಾಗ ಅವನು ಎದುರಿನವನ ಕುತ್ತಿಗೆಯ ಹಿಂದೆ ಕೈ ಹಾಕಿ ಹಿಡಿದಿರುತ್ತಾನೆ. ಅದಕ್ಕೇ ಯಾರೂ ಎದುರಾಡುವುದಿಲ್ಲವೇನೋ. ಹಳಿಯಾಳದಲ್ಲಿ ಅಪ್ಪ ನಡೆಸುತ್ತಿದ್ದ ಕುಸ್ತಿಯ ಗರಡಿಗೆ, ನಮ್ಮ ಮಾತಿನಲ್ಲಿ ತಾಲೀಮಿಗೆ, ಈಗ ಅವನೇ ವಸ್ತಾದ, ಅಂದರೆ ಗುರು.

"ಮೈನೋವು ಇಳೀತದ, ನಿದ್ದಿ ಹತ್ತತದ," ಎನ್ನುತ್ತಾನೆ. "ಈಗ ಮೊಬೈಲಿನ್ಯಾಗ ಬಿಳಿ ಮಂದಿ ಬರಫಿನ ಡಬ್ಬಿಯೊಳಗ ಕುಂತು ಅದನ್ನ ಹೇಳಾಕತ್ತಾರ. ನಮ್ಮಪ್ಪ ಒದ್ದು ಹೇಳಿದ್ದ. ಅಷ್ಟ ಫರಕ."

ನನಗೆ ನೆನಪಿರುವುದು ಒದೆತವಲ್ಲ, ಕೊಡ. ಚಳಿಗಾಲದ ನಸುಕಿನಲ್ಲಿ ಅಪ್ಪ ನಮ್ಮಿಬ್ಬರನ್ನೂ ಕೂದಲು ಹಿಡಿದು ಬಾವಿಕಟ್ಟೆಗೆ ಎಳೆದುಕೊಂಡು ಹೋಗುತ್ತಿದ್ದ. ಒಮ್ಮೆ ನಾನು ತಪ್ಪಿಸಿಕೊಳ್ಳಲು ನೋಡಿದಾಗ ಹಿತ್ತಾಳೆ ಕೊಡದ ಕಂಠದಿಂದಲೇ ಹಣೆಗೆ ಬಾರಿಸಿದ. ಕಾಲ ಬಳಿ ನೀರು ಕೆಂಪಾಗಿ ಹರಿಯಿತು. ಅದು ತಾಲೀಮಿನ ಕೆಂಪು ಮಣ್ಣು, ರಕ್ತವಲ್ಲ ಎನ್ನುತ್ತಾನೆ ಅಣ್ಣ. ಹಣೆಯ ಕಲೆ ದಾಂಡೇಲಿ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ಆದದ್ದಂತೆ. ಧಾರವಾಡದಲ್ಲಿ ಓದಿ, ಅಲ್ಲಿಯೇ ಕಲಿಸುತ್ತ, ಎಲ್ಲದಕ್ಕೂ ಪುರಾವೆ ಕೇಳುವುದನ್ನು ರೂಢಿಸಿಕೊಂಡವನು ನಾನು. ನನ್ನದೇ ಹಣೆಗೆ ನನ್ನಲ್ಲಿ ಪುರಾವೆಯಿಲ್ಲ.

ಕಳೆದ ಚಳಿಗಾಲಕ್ಕೆ ಮೊದಲು ಅಣ್ಣನಿಗೆ ಹೃದಯಾಘಾತವಾಯಿತು. ಸ್ಟೆಂಟ್ ಹಾಕಿದ ವೈದ್ಯರು ಕುಸ್ತಿಯನ್ನೂ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವುದನ್ನೂ ನಿಲ್ಲಿಸಲು ಹೇಳಿದರು. ನಾನೂ ಬಿಡಿಸಿ ಹೇಳಿದೆ. ಗಟ್ಟಿಮುಟ್ಟಾದವನಿಗೆ ತಣ್ಣೀರು ಹುರುಪು ಕೊಡಬಹುದು, ಆ ಸುಖ ನನಗೂ ಗೊತ್ತು. ಆದರೆ ಒಮ್ಮೆಲೇ ಮೈಮೇಲೆ ಬಿದ್ದರೆ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಒತ್ತಡ ಜಿಗಿಯುತ್ತದೆ, ಪೆಟ್ಟು ತಿಂದ ಹೃದಯ ಅದನ್ನು ತಾಳದೆ ನಿಂತುಬಿಡಬಹುದು. ಅಣ್ಣ ತಲೆಯಾಡಿಸಿದ. ಡಿಸೆಂಬರಿನಲ್ಲಿ ಅತ್ತಿಗೆ ಫೋನು ಮಾಡಿದಳು: "ನೀನರ ಬಾ ತಮ್ಮಾ. ನಾಳೆಯಿಂದ ತಾಲೀಮಿಗೆ ಹೊಂಟಾರ. ನಾ ಅಡ್ಡ ನಿಂತ್ರ ನನ್ನ ದಾಟಿ ಹೋಗ್ತಾರ."

ಅವನ ಇಕ್ಕಟ್ಟು ನನಗೆ ತಿಳಿದಿತ್ತು. ಕಸರತ್ತು ಮುಗಿದ ಮೇಲೆ ಪೈಲ್ವಾನರು ಮೈಗೆ ಕೆಂಪು ಮಣ್ಣು ತಿಕ್ಕಿಕೊಂಡು ಬೆವರು ಆರುವ ತನಕ ಕೂರುತ್ತಾರೆ. ಆಮೇಲೆ ಬಾವಿಯ ನೀರು. ಮೊದಲ ಕೊಡ ವಸ್ತಾದನ ತಲೆಯ ಮೇಲೆಯೇ ಬೀಳಬೇಕು; ಅಲ್ಲಿಯ ತನಕ ಯಾರೂ ಹಗ್ಗ ಮುಟ್ಟುವಂತಿಲ್ಲ. ತನ್ನ ತಲೆಯ ಮೇಲೆ ಸುರಿದುಕೊಳ್ಳಲಾಗದವನು ವಸ್ತಾದನೇ ಅಲ್ಲ ಎಂಬುದು ಅಪ್ಪ ಮಾಡಿದ ಕಟ್ಟಳೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಹುಡುಗರು ಮಣ್ಣು ಮೆತ್ತಿಕೊಂಡು ಸಾಲಾಗಿ ಕೂತಿದ್ದರು. ಅಣ್ಣ ಲಂಗೋಟಿಯಲ್ಲಿ ನಿಂತು ತುಂಬಿದ ಕೊಡ ಎತ್ತುತ್ತಿದ್ದ.

"ಇಳಿಸು," ಎಂದೆ.

"ಪ್ರೊಫೆಸರ್ ಸಾಹೇಬ್ರು ಬಂದ್ರು. ಸರೀರಿ, ನೀರು ಸಿಡೀತದ."

"ಸಾಯ್ತಿ ನೀನು."

"ಮನ್ಯಾಗ ಕುಂತ್ರ ಸಾಯಾಂಗಿಲ್ಲೇನು?"

ಹುಡುಗನೊಬ್ಬ ಹಿಂದಿನಿಂದ, "ಕಾಕಾ, ಲಂಗೋಟಿ ಕೊಡ್ಲೇನು?" ಎಂದ. ಎಲ್ಲರೂ ನಕ್ಕರು. ನಾನು ಅವನ ಕೈಯಲ್ಲಿದ್ದ ಕೊಡವನ್ನು ತಳ್ಳಿದೆ. ಅದು ಕಲ್ಲಿಗೆ ಬಡಿದು ಉರುಳಿತು. ಅಣ್ಣ ತುಂಬಿಟ್ಟಿದ್ದ ಇನ್ನೊಂದು ಕೊಡಕ್ಕೆ ಬಗ್ಗಿದಾಗ ಅವನ ಸೊಂಟವನ್ನು ತಬ್ಬಿ ಹಿಡಿದೆ.

ಪೈಲ್ವಾನನ ಸೊಂಟಕ್ಕೆ ಕೈ ಹಾಕಬಾರದು. ಅವನ ತಲೆ ಯೋಚಿಸುವ ಮೊದಲೇ ಮೈ ಉತ್ತರ ಕೊಟ್ಟಿರುತ್ತದೆ. ನನ್ನ ಕಾಲು ನೆಲ ಬಿಟ್ಟಿತು, ಆಕಾಶ ಒಮ್ಮೆ ತಿರುಗಿತು, ಮುಖ ಅಡಿಯಾಗಿ ಬಿದ್ದೆ. ಭುಜದೊಳಗೆ ಏನೋ ಲಟಕ್ಕೆಂದಿತು. ತುಟಿ ಹರಿದು ಬಾಯಲ್ಲಿ ಮಣ್ಣೂ ರಕ್ತವೂ ಕಲೆತವು. ಅವನು ಬೆನ್ನ ಮೇಲೆ ಬಿದ್ದು ಮೊಣಕೈಯಿಂದ ನನ್ನ ಕತ್ತನ್ನು ನೆಲಕ್ಕೆ ಒತ್ತಿದ. ಹುಡುಗರು ಸಿಳ್ಳೆ ಹಾಕಿದರು.

ಆಗ ಅವನ ಎದೆ ನನ್ನ ಬೆನ್ನಿಗೆ ಬಡಿಯುವುದು ತಿಳಿಯಿತು. ಒಂದಷ್ಟು ಬಡಿತ ಒಟ್ಟಿಗೆ, ಆಮೇಲೆ ಬಿಡುವು, ಮತ್ತೆ ಗಡಬಡಿಸಿ ಒಟ್ಟಿಗೆ. ಅವನ ಬಾಯಿ ನನ್ನ ಕಿವಿಗೆ ಹತ್ತಿತ್ತು.

"ಏಳಬ್ಯಾಡ," ಎಂದ. "ಉಸಿರು ಸಿಗವಲ್ದು. ಹಂಗ ಬಿದ್ಕೊ."

ನಾನು ಬಿದ್ದುಕೊಂಡೆ. ಹುಡುಗರಿಗೆ ಅನುಮಾನ ಬಾರದಿರಲೆಂದು ಕಾಲು ಬಡಿದು ಕೊಸರಾಡಿದೆ, ಬೈದೆ. ಅವನೂ ಮೇಲಿನಿಂದ ನನ್ನ ಕತ್ತು ತಿರುವುತ್ತಲೇ ಇದ್ದ, ನೋವಂತೂ ನಟನೆಯಾಗಿರಲಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ. ಕೊನೆಗೆ ಆ ಬಡಿತ ಒಂದು ಸಾಲಿಗೆ ಬಂತು. ಅವನು ಮೆಲ್ಲಗೆ ಎದ್ದು ಬಾವಿಯ ಕಂಬ ಹಿಡಿದು ನಿಂತ.

"ಇವತ್ತಿನಿಂದ ಮೊದಲ ಕೊಡ ಸೋತವಂದು," ಎಂದ. "ಸುರೀರಿ ಸಾಹೇಬ್ರ ಮ್ಯಾಲ."

ಸುರಿದರು. ಗಾಯದೊಳಗೆ ಚಳಿ ಸೂಜಿಯಂತೆ ಇಳಿಯಿತು. ನಾನು ಚೀರಿದೆ, ಉಸಿರು ಕಟ್ಟಿತು. ಆಮೇಲೆ, ಸುಳ್ಳೇಕೆ, ಮೈ ಹಗುರಾಯಿತು. ಕಟ್ಟಳೆ ಬದಲಾದದ್ದಕ್ಕೆ ಯಾರೂ ತಕರಾರು ಮಾಡಲಿಲ್ಲ. ಎರಡನೆಯ ಕೊಡಕ್ಕೆ ಹುಡುಗರೇ ಹಗ್ಗ ಇಳಿಸಿದರು. ಅಣ್ಣ ಕಂಬ ಬಿಡಲಿಲ್ಲ, ನೀರು ಮುಟ್ಟಲಿಲ್ಲ.

ಇದನ್ನು ಬರೆಯುವ ಮೊದಲು ಅವನಿಗೆ ಫೋನು ಮಾಡಿ, ಕಿವಿಯಲ್ಲಿ ಹೇಳಿದ್ದು ನೆನಪಿದೆಯೇ ಎಂದು ಕೇಳಿದೆ.

"ನಾ ಏನೂ ಅಂದಿಲ್ಲ. ಉಸಿರು ಕಟ್ಟಿದ್ದು ನಿನಗ," ಎಂದ.

ಇರಬಹುದು, ನೆಲಕ್ಕೆ ಒತ್ತಿದ ಕಿವಿಯನ್ನು ಎಷ್ಟು ನಂಬುವುದು? ಅಷ್ಟರಲ್ಲಿ ಅವನ ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: "ಜಳಕದ ನೀರು ಕಾದಾವ. ಆರೋದ್ರಾಗ ಬರ್ರಿ."

"ಬಂದೆ," ಎಂದು ಅಣ್ಣ ಫೋನಿಟ್ಟ.